ಓದಿ ಹೇಳಿದ ರಿಪೋರ್ಟು

ಹುಮನಾಬಾದ
12 ಆಗಸ್ಟ್ 2025

ಪ್ರೀತಿಯ ಧೂಳಮ್ಮ,

ಫೋನು ಇರುವಾಗ ಅಕ್ಕ ಯಾಕೆ ಪತ್ರ ಬರೆದಳು ಎಂದು ಲಕೋಟೆ ಹಿಡಿದು ನಿಂತಿರಬೇಕು ನೀನು. ನಿನ್ನ ಫೋನು ಅಂಗನವಾಡಿಯ ಮೇಜಿನ ಮೇಲಿರುತ್ತದೆ, ಯಾರಾದರೂ ಎತ್ತಿ ಸ್ಪೀಕರಿಗೆ ಹಾಕಿಬಿಡುತ್ತಾರೆ. ನನ್ನ ಮನೆಯಲ್ಲಿ ಎರಡು ಕೋಣೆ, ನಡುವೆ ಬಾಗಿಲಿಲ್ಲ, ನಮ್ಮ ಮನೆಯವರು ದಿನವಿಡೀ ಅಲ್ಲೇ ಕುಳಿತಿರುತ್ತಾರೆ. ಅದಲ್ಲದೆ, ಫೋನಿನಲ್ಲಿ ಒಂದು ಮಾತು ಹೇಳಿದರೆ ಆ ಕಡೆಯ ಉಸಿರು ಕೇಳಿಸುತ್ತದೆ. ಅದನ್ನು ಕೇಳುವ ಧೈರ್ಯ ಸದ್ಯ ನನಗಿಲ್ಲ.

ಅವ್ವನ ದಿನಕರ್ಮ ಮುಗಿಸಿ ಬಂದ ಮೇಲೆ ನಾನು ಬಸವಕಲ್ಯಾಣಕ್ಕೆ ಬಂದಿಲ್ಲ. ಎರಡು ವರ್ಷವಾಯಿತು. ಒಂದು ಗಂಟೆಯ ಬಸ್ಸಿನ ದಾರಿ. ನೀನು ಕರೆದಾಗಲೆಲ್ಲ ಸರ್ವೆ ಇದೆ, ಲಸಿಕೆ ಇದೆ ಎಂದೆ. ಅವು ಇದ್ದದ್ದೂ ಹೌದು.

ವಿಷಯಕ್ಕೆ ಬರುತ್ತೇನೆ. ನನಗೆ ಮುಟ್ಟು ನಿಂತು ಮೂರು ವರ್ಷ ದಾಟಿದೆ. ಜೂನ್ ಕೊನೆಯ ವಾರ ಮತ್ತೆ ಕಾಣಿಸಿತು. ಒಂದು ದಿನ. ನಡುವೆ ಬಿಟ್ಟು, ಮತ್ತೆ ನಾಲ್ಕು ದಿನ. ಹದಿನೇಳು ವರ್ಷದಿಂದ ಆಶಾ ಕಾರ್ಯಕರ್ತೆಯಾಗಿ ಓಣಿ ಓಣಿ ತಿರುಗಿದ್ದೇನೆ. ನಿಂತ ಮೇಲೆ ಒಂದು ಹನಿ ಕಂಡರೂ ಮುಚ್ಚಿಡಬೇಡಿ ಎಂದು ಎಷ್ಟು ಹೊಸ್ತಿಲಲ್ಲಿ ಕುಳಿತು ಹೇಳಿದ್ದೇನೋ. ನಾನು ಆರು ವಾರ ಮುಚ್ಚಿಟ್ಟೆ. ಬಟ್ಟೆ ಒಗೆದು ಒಳಗೇ ಒಣಹಾಕಿದೆ. ಅದು ಹೊಸ ರಕ್ತ ಎಂದು ನನಗೆ ಅನ್ನಿಸಲೇ ಇಲ್ಲ. ಹಿಂದೆ ಎಲ್ಲೋ ಉಳಿದುಹೋದದ್ದು ದಾರಿ ಹುಡುಕಿಕೊಂಡು ಬಂದಿದೆ ಎಂದು ಅನ್ನಿಸಿತು.

ಕೊನೆಗೆ ಬೀದರದಲ್ಲಿ ಒಬ್ಬ ಲೇಡಿ ಡಾಕ್ಟರರಿಗೆ ತೋರಿಸಿದೆ. ಸ್ಕ್ಯಾನ್ ಮಾಡಿದರು. ಗರ್ಭಚೀಲಕ್ಕೆ ಒಳಗಡೆ ಒಂದು ಪದರ ಇರುತ್ತದೆ. ಮುಟ್ಟು ನಿಂತವರಲ್ಲಿ ಅದು ತೆಳ್ಳಗಾಗಿ ನಾಲ್ಕು ಮಿಲಿಮೀಟರಿನ ಒಳಗೆ ಇರಬೇಕಂತೆ. ನನ್ನದು ಹನ್ನೊಂದು. ಆ ಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಅದಕ್ಕೆ ಬಯಾಪ್ಸಿ ಎನ್ನುತ್ತಾರೆ, ಆಮೇಲೆಯೇ ಮುಂದಿನ ಮಾತು ಎಂದರು. ಜೊತೆಗೆ ಒಬ್ಬರನ್ನು ಕರೆದುಕೊಂಡು ಬನ್ನಿ ಎಂದರು.

ನೀನು ಬರುತ್ತೀಯಾ? ಅಮೋಘಸಿದ್ದಪ್ಪನಿಗೆ ಹೇಳಬೇಡ. ತಮ್ಮನೆಂದರೂ ಅವನ ಕಿವಿಗೆ ಹಾಕುವ ಮಾತಲ್ಲ ಇದು. ಈ ಊರಿನಲ್ಲಿ ಬರುವವರು ಯಾರೂ ಇಲ್ಲವೆಂದಲ್ಲ. ನಿನ್ನನ್ನೇ ಯಾಕೆ ಕೇಳುತ್ತಿದ್ದೇನೆ ಎಂದು ನನಗೆ ಗೊತ್ತಿದೆ. ಈ ಕಾಗದದಲ್ಲಿ ಅದನ್ನು ಬರೆಯಲಾರೆ.

ಉಮಾದೇವಿ


ಬಸವಕಲ್ಯಾಣ
19 ಆಗಸ್ಟ್ 2025

ಅಕ್ಕಾರಿಗೆ ನಿಮ್ಮ ತಮ್ಮನ ಹೆಂಡತಿ ಧೂಳಮ್ಮನ ನಮಸ್ಕಾರ.

ನಿಮ್ಮ ಅಕ್ಷರ ನೋಡಿ ಮೊದಲು ಗಾಬರಿಯಾಯಿತು, ಆಮೇಲೆ ಸಂತೋಷವಾಯಿತು, ಓದಿದ ಮೇಲೆ ಮತ್ತೆ ಗಾಬರಿ. ಬರಬೇಕೆಂದು ಬಹಳ ಇದೆ. ಆದರೆ ತಿಂಗಳ ಕೊನೆಯವರೆಗೆ ನಮಗೆ ತರಬೇತಿ, ರಜೆ ಕೊಡುವುದಿಲ್ಲ. ಮನೆಯಲ್ಲಿ ಮಗಳು ಸಾಕ್ಷಿ ಕೂಸನ್ನು ಕಟ್ಟಿಕೊಂಡು ಬಂದು ಕುಳಿತಿದ್ದಾಳೆ. ನಿಮ್ಮ ತಮ್ಮ ಕುರಿ ಹೊಡೆದುಕೊಂಡು ಔರಾದದ ಕಡೆ ಹೋದವರು ಇನ್ನೂ ಬಂದಿಲ್ಲ. ಅವರಿಗೆ ಹೇಳುವುದಿಲ್ಲ, ಚಿಂತೆ ಬೇಡ.

ನೀವು ಹೆದರಿದ್ದು ಓದಿ ಆಶ್ಚರ್ಯವಾಯಿತು. ನೀವು ನನಗೆ ಅಂದದ್ದನ್ನೇ ನಿಮಗೆ ಅನ್ನುತ್ತೇನೆ. "ಚೀಲ ತೆಗಸಿಬಿಡು ಧೂಳಾ, ಬ್ಯಾನಿನೂ ಹೋಗ್ತದ, ಅಂಜಿಕಿನೂ ಹೋಗ್ತದ." ನನಗಾಗ ಇಪ್ಪತ್ತೆಂಟು. ನಡ ನೋವು, ಬಿಳಿ ಹೋಗುವುದು. ನೀವು ಕೈ ಹಿಡಿದು ಇಲ್ಲಿಯ ನರ್ಸಿಂಗ್ ಹೋಮಿಗೆ ಒಯ್ದಿರಿ. ಆಪರೇಷನ್ ಆದ ಎಂಟನೇ ದಿನ ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ನೀವು ಕಾಲ ಕಡೆ ಕುಳಿತು ಬೀದರದಿಂದ ಬಂದ ರಿಪೋರ್ಟು ಓದಿ ಹೇಳಿದಿರಿ. "ಒಳಗ ಕೆಟ್ಟಿತ್ತು ಧೂಳಾ, ಕ್ಯಾನ್ಸರಿಗೆ ತಿರಗಿತ್ತು. ಛಲೋ ಆತು ಜಲ್ದಿ ತೆಗಸಿದ್ದು." ಅದರ ಮೊದಲು ಎಂಟು ದಿನ ನಾನು ಅತ್ತಿದ್ದೆ. ಒಂದು ಗಂಡು ಕೂಸು ಆಗಬೇಕೆಂದು ಇತ್ತಲ್ಲ. ನೀವು ಓದಿದ ಮೇಲೆ ಅಳಲಿಲ್ಲ. ಇಂದಿಗೂ ಯಾರಾದರೂ ಒಂದೇ ಹೆಣ್ಣೇನು ಎಂದು ಕೇಳಿದರೆ, ನಾನು ಬದುಕಿದ್ದೇ ದೊಡ್ಡದು, ನಮ್ಮ ಅಕ್ಕಾರು ಬದುಕಿಸಿದರು ಅನ್ನುತ್ತೇನೆ.

ಈಗ ಸಾಕ್ಷಿಯ ಮಾತು. ಹೆರಿಗೆಯಾಗಿ ವರ್ಷವಾಯಿತು. ನಾಲ್ಕು ತಿಂಗಳಿಂದ ಅವಳಿಗೆ ತಿಂಗಳಿನಲ್ಲಿ ಹದಿನೈದು ದಿನ ಹೋಗುತ್ತದೆ. ಕಣ್ಣು ಬೆಳ್ಳಗಾಗಿವೆ. ಅವಳ ಅತ್ತೆ ಬಂದು, "ನಿಮ್ಮ ಮಗಳು ಅರ್ಧ ತಿಂಗಳು ಮೂಲ್ಯಾಗ ಕುಂದರ್ತಾಳ, ನಮ್ಮ ಮನ್ಯಾಗ ರೊಟ್ಟಿ ಯಾರು ಬಡೀಬೇಕ್ರಿ?" ಎಂದರು. "ನಿಮ್ಮ ಕೈಗೇನೂ ಮುಟ್ಟು ಬಂದಿಲ್ಲಲ್ರಿ ಬೀಗತೇರೆ, ನೀವೇ ಬಡೀರಿ" ಎಂದೆ. ಅವರು ಚಹಾ ಕುಡಿಯದೆ ಹೋದರು. ಹೋಗಲಿ. ಆದರೆ ಅಂಜಿಕೆ ನನಗೂ ಇದೆ. ತಾಯಿಗೆ ಬಂದ ರೋಗ ಮಗಳಿಗೆ ಬರುತ್ತದೆ ಎಂದು ತರಬೇತಿಯಲ್ಲಿಯೂ ಹೇಳುತ್ತಾರೆ. ಅದಕ್ಕೆ ಅವಳಿಗೂ ಅಲ್ಲೇ ತೆಗೆಸಿಬಿಡೋಣ ಎಂದು ಮಾಡಿದ್ದೇನೆ. ಅಳಿಯ ಭೀಮಶಾ ಹೂಂ ಅಂದಿದ್ದಾನೆ. ಅವಳಿಗೆ ಇಪ್ಪತ್ಮೂರು. ಒಂದು ಕೂಸಿದೆ, ಸಾಕು.

ನೀವು ಜೊತೆಗಿದ್ದರೆ ನನಗೆ ಧೈರ್ಯ. ಯಾವಾಗ ಬರುತ್ತೀರಿ ಬರೆಯಿರಿ.

ನಿಮ್ಮ
ಧೂಳಮ್ಮ


ಹುಮನಾಬಾದ
3 ಸೆಪ್ಟೆಂಬರ್ 2025

ಧೂಳಮ್ಮನಿಗೆ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಉತ್ತರವನ್ನು ಮೂರು ಸಲ ಶುರು ಮಾಡಿದೆ.

ನಿನ್ನೆ ಬಯಾಪ್ಸಿ ಆಯಿತು. ಜೈನಬಿ ಬಂದಿದ್ದಳು, ನನ್ನ ಜೊತೆ ಆಶಾ ಕೆಲಸ ಮಾಡುವವಳು, ನೀನು ಒಮ್ಮೆ ನೋಡಿದ್ದೀ. ಬೀದರದ ಬಸ್ಸಿನಲ್ಲಿ ನನ್ನ ಮುಖ ನೋಡಿ, "ಹದಿನೇಳು ವರ್ಷ ಮಂದಿಗಿ ಏನೂ ಆಗಂಗಿಲ್ಲ ಮಲಕ್ಕೋರಿ ಅಂದಿ. ಈಗ ನಿನ್ನ ಪಾಳಿ ಬಂದದ, ಸುಮ್ನ ಮಲಕ್ಕೋ" ಎಂದಳು. ಅವಳು ಹಾಗೆಯೇ. ನನಗೆ ನಗು ಬಂತು, ಮನ್ನಾಏಖೇಳ್ಳಿ ದಾಟುವ ಹೊತ್ತಿಗೆ ಅದು ಹೋಯಿತು.

ಏನೇನಾಯಿತು ಎಂದು ಬರೆಯುತ್ತೇನೆ. ನಿನಗೆ ಗೊತ್ತಿರಬೇಕು.

ಒಂದು ಗಂಟೆ ಮೊದಲು ನೋವಿನ ಗುಳಿಗೆ ನುಂಗಿಸಿದರು. ರಕ್ತ ತೆಳ್ಳಗಾಗುವ ಗುಳಿಗೆ ತಗೊಳ್ಳುತ್ತೀರಾ, ಯಾವುದಾದರೂ ಔಷಧಿ ಒಗ್ಗುವುದಿಲ್ಲವಾ ಎಂದು ಕೇಳಿದರು. ಮೂತ್ರಕ್ಕೆ ಹೋಗಿ ಬನ್ನಿ ಎಂದರು. ಕಾಗದದ ಮೇಲೆ ಸಹಿ. ನಾನು ಎಷ್ಟೋ ಹೆಂಗಸರ ಹೆಬ್ಬೆಟ್ಟು ಹಿಡಿದು ಇಂಥ ಕಾಗದಕ್ಕೆ ಒತ್ತಿಸಿದ್ದೇನೆ. ಅದರಲ್ಲಿ ಏನು ಬರೆದಿರುತ್ತದೆ ಎಂದು ನಿನ್ನೆ ಮೊದಲ ಸಲ ಪೂರ್ತಿ ಓದಿದೆ.

ಮೇಜಿನ ಮೇಲೆ ಕಾಲು ಮಡಚಿ ಮಲಗಬೇಕು. ಹೆರಿಗೆಯ ಪರೀಕ್ಷೆಗೆ ಮಲಗಿದ ಹಾಗೆಯೇ. ಒಂದು ಕಬ್ಬಿಣದ ಸಾಧನ ಇಟ್ಟು ದಾರಿ ಅಗಲ ಮಾಡುತ್ತಾರೆ, ತಣ್ಣಗಿರುತ್ತದೆ. ಔಷಧಿಯಿಂದ ಒರೆಸುತ್ತಾರೆ. ಆಮೇಲೆ ಎಳನೀರು ಕುಡಿಯುವ ಕೊಳವೆಗಿಂತ ಸಣ್ಣದೊಂದು ನಳಿಗೆಯನ್ನು ಗರ್ಭದ ಬಾಯಿಯಿಂದ ಒಳಗೆ ಬಿಡುತ್ತಾರೆ. ಅದು ಒಳಗೆ ಹೋದಾಗ ಹೊಟ್ಟೆಯ ಕೆಳಗೆ ಯಾರೋ ಹಿಡಿದು ಹಿಂಡಿದ ಹಾಗಾಯಿತು. ಮುಟ್ಟಿನ ಮೊದಲ ದಿನದ ನೋವು, ಅದರ ಎರಡರಷ್ಟು. ಡಾಕ್ಟರು, "ಉಸಿರು ಹಿಡೀಬ್ಯಾಡ್ರಿ, ಬಾಯಿಲೆ ಬಿಡ್ರಿ" ಎನ್ನುತ್ತಿದ್ದರು. ನಳಿಗೆಯನ್ನು ಒಳಗೆ ತಿರುಗಿಸಿ ಹೀರಿದರು. ಒಂದು ನಿಮಿಷ, ಹೆಚ್ಚೆಂದರೆ ಎರಡು. ಮುಗಿಯಿತು. ಅರಿವಳಿಕೆ ಇಲ್ಲ, ಹೊಲಿಗೆ ಇಲ್ಲ. ಹತ್ತು ನಿಮಿಷ ಮಲಗಿಸಿದರು, ತಲೆ ತಿರುಗೀತು ಎಂದು. ಎರಡು ಮೂರು ದಿನ ಸ್ವಲ್ಪ ಹೋಗುತ್ತದೆ. ಜ್ವರ ಬಂದರೆ, ಬಹಳ ಹೋದರೆ, ವಾಸನೆ ಬಂದರೆ ಕೂಡಲೇ ಬರಬೇಕು. ಇಷ್ಟೇ. ನಡೆದುಕೊಂಡು ಹೊರಗೆ ಬಂದೆ.

ತೆಗೆದದ್ದನ್ನು ನೀರಿನಂಥ ಔಷಧಿಯಿದ್ದ ಸಣ್ಣ ಬಾಟಲಿಗೆ ಹಾಕಿದರು. ಉಗುರಿನ ಚೂರಿನಷ್ಟು, ಕೆಂಪು, ಎಳೆ ಎಳೆ. ಎದುರಿನ ಲ್ಯಾಬಿಗೆ ನೀವೇ ಕೊಟ್ಟು ಬನ್ನಿ ಎಂದು ನರ್ಸು ನನ್ನ ಕಡೆ ಚಾಚಿದಳು. ನಾನು ಕೈ ಮುಂದೆ ಮಾಡಲಿಲ್ಲ. ಜೈನಬಿ ತೆಗೆದುಕೊಂಡಳು. "ಇಷ್ಟಕ್ಕ ಘಾಬರಿ ಏನು ಉಮಾ?" ಎಂದಳು. ರಸ್ತೆ ದಾಟುವಾಗ ನಾನು ಅವಳಿಗಿಂತ ನಾಲ್ಕು ಹೆಜ್ಜೆ ಹಿಂದೆ ನಡೆದೆ.

ಸಾಕ್ಷಿಯನ್ನು ಆ ನರ್ಸಿಂಗ್ ಹೋಮಿಗೆ ಒಯ್ಯಬೇಡ. ಮೊದಲು ಬೀದರದ ಈ ಡಾಕ್ಟರರಿಗೆ ತೋರಿಸು. ಒಳಗೆ ಏನಿದೆ ಎಂದು ನೋಡಲು ದಾರಿಗಳಿವೆ. ನೋಡದೆ ತೆಗೆಸಬಾರದು. ಎಲ್ಲರದೂ ಒಂದೇ ಇರುವುದಿಲ್ಲ.

ಉಮಾದೇವಿ


ಬಸವಕಲ್ಯಾಣ
14 ಸೆಪ್ಟೆಂಬರ್ 2025

ಅಕ್ಕಾರಿಗೆ ನಮಸ್ಕಾರ.

ನಿಮಗೆ ಅಷ್ಟು ನೋವಾಯಿತೆಂದು ಓದಿ ಸಂಕಟವಾಯಿತು. ರಿಪೋರ್ಟು ಬಂದಿರಬೇಕು, ತಿಳಿಸಿ.

ಸಾಕ್ಷಿಯ ವಿಷಯದಲ್ಲಿ ನೀವು ಬರೆದದ್ದು ನನಗೆ ಅರ್ಥವಾಗಲಿಲ್ಲ. ನನಗೆ ಒಂದು ಹೇಳಿದಿರಿ, ನನ್ನ ಮಗಳಿಗೆ ಇನ್ನೊಂದು ಹೇಳುತ್ತಿದ್ದೀರಿ. ನನಗೆ ಅಂದು ಯಾರು ಚೂರು ತೆಗೆದು ನೋಡಿದರು? ನೋಡುತ್ತ ಕುಳಿತಿದ್ದರೆ ನಾನು ಇರುತ್ತಿದ್ದೆನಾ? ಸಿಟ್ಟಿನಿಂದ ಕೇಳುತ್ತಿಲ್ಲ.

ಅವಳನ್ನು ಇಲ್ಲಿಯೇ ತೋರಿಸಿಕೊಂಡು ಬಂದೆ. ಹಳೆಯ ಡಾಕ್ಟರರ ಮಗ ಈಗ ಕುಳಿತಿದ್ದಾನೆ. ಸ್ಕ್ಯಾನಿನಲ್ಲಿ ಸ್ವಲ್ಪ ಊತ ಕಾಣುತ್ತದೆ ಎಂದ. ತಾಯಿಗೆ ಹೀಗೆ ಹೀಗೆ ಆಗಿತ್ತು ಎಂದ ಕೂಡಲೇ, ಹಾಗಾದರೆ ತಡ ಮಾಡಬೇಡಿ ಎಂದ. ದಸರೆ ಮುಗಿಸಿಕೊಂಡು ಅಕ್ಟೋಬರ್ ಆರು, ಸೋಮವಾರ, ಬೆಳಿಗ್ಗೆ ಎಂಟಕ್ಕೆ ಬರಲು ಹೇಳಿದ್ದಾನೆ.

ಮೊನ್ನೆ ಹಿಟ್ಟು ನಾದುತ್ತಿದ್ದಾಗ ಸಾಕ್ಷಿ ಬಂದು ಕುಳಿತಳು.

"ಅವ್ವಾ, ನನಗ ಇನ್ನೊಂದು ಕೂಸು ಬೇಕು ಅನಸ್ತದ."

"ಇದ್ದ ಕೂಸಿಗಿ ತಾಯಿ ಬೇಕು ಅಂತನೂ ಅನಸ್ತದ, ನೋಡು."

"ನಿನಗ ಅನಸಿರ್ಲಿಲ್ಲೇನು?"

"ನನಗ ಅನಸಾಕ ಆ ರೋಗ ಪುರಸೊತ್ತು ಕೊಡ್ಲಿಲ್ಲ."

ಅವಳು ಎದ್ದು ಹೋದಳು. ನಾನು ಎಲ್ಲ ರೊಟ್ಟಿ ಬಡಿದು ಮುಗಿಸಿದೆ. ತಿನ್ನುವವರು ಇಬ್ಬರೇ, ಹನ್ನೆರಡು ರೊಟ್ಟಿಯಾಗಿದ್ದವು.

ಒಂದು ಕೆಲಸ ಮಾಡಿರಿ. ನನ್ನ ಹಳೆಯ ರಿಪೋರ್ಟು ನಿಮ್ಮ ಹತ್ತಿರವೇ ಇರಬೇಕು. ನೀವು ಓದಿ ಮಡಚಿ ನಿಮ್ಮ ಚೀಲದಲ್ಲಿ ಇಟ್ಟುಕೊಂಡದ್ದು ನನಗೆ ನೆನಪಿದೆ. ಡಾಕ್ಟರು ಅದನ್ನು ಕೇಳಿದ್ದಾನೆ. ಜೆರಾಕ್ಸ್ ಮಾಡಿ ಕಳಿಸಿರಿ. ಅದಿದ್ದರೆ ಸಾಕ್ಷಿಯೂ ಒಪ್ಪುತ್ತಾಳೆ. ಕಣ್ಣಾರೆ ಕಂಡರೆ ಯಾರು ಒಪ್ಪುವುದಿಲ್ಲ?

ನಿಮ್ಮ
ಧೂಳಮ್ಮ


ಹುಮನಾಬಾದ
20 ಸೆಪ್ಟೆಂಬರ್ 2025

ಧೂಳಮ್ಮನಿಗೆ,

ರಿಪೋರ್ಟು ಹುಡುಕಿದೆ. ಟ್ರಂಕಿನ ತಳದವರೆಗೆ ನೋಡಿದೆ. ಸಿಗಲಿಲ್ಲ. ಹದಿನಾರು ವರ್ಷವಾಯಿತು, ಗೆದ್ದಲು ಹಿಡಿದಿರಬಹುದು.

ಅದು ಸಿಗುವವರೆಗೆ ತಡೆ.

ಉಮಾದೇವಿ


ಹುಮನಾಬಾದ
25 ಸೆಪ್ಟೆಂಬರ್ 2025

ಧೂಳಮ್ಮ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಜೈನಬಿಯ ತವರು ನಿಮ್ಮ ಊರಿನಲ್ಲೇ ಇದೆ, ಅವಳು ತಂದು ನಿನ್ನ ಕೈಗೇ ಕೊಡುತ್ತಾಳೆ. ಅವಳಿಗೆ ಏನೂ ಗೊತ್ತಿಲ್ಲ. ಚಹಾ ಕೊಟ್ಟು ಕಳಿಸಿ, ಆಮೇಲೆ ಓದು.

ಹಿಂದಿನ ಪತ್ರದಲ್ಲಿ ಬರೆದದ್ದು ಸುಳ್ಳು. ನಾನು ಟ್ರಂಕು ತೆಗೆಯಲೇ ಇಲ್ಲ. ಹುಡುಕಲು ರಿಪೋರ್ಟು ಇರಲಿಲ್ಲ. ಎಂದೂ ಇರಲಿಲ್ಲ.

ನಿನ್ನ ಆಪರೇಷನ್ ಆದ ಸಂಜೆ ಗರ್ಭಚೀಲವನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಚೀಟಿ ಅಂಟಿಸಿ, ನಾಳೆಯೊಳಗೆ ಬೀದರದ ಲ್ಯಾಬಿಗೆ ಮುಟ್ಟಿಸಬೇಕು ಎಂದು ನನ್ನ ಕೈಗೆ ಕೊಟ್ಟರು. ಅದನ್ನು ಕೊಯ್ದು ನೋಡಿದರೆ ರೋಗ ಇತ್ತೋ ಇಲ್ಲವೋ ಗೊತ್ತಾಗುತ್ತದೆ ಎಂದರು. ತೆಗೆದ ಮೇಲೆ. ಆ ಹೊತ್ತಿಗೆ ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅವ್ವ ನನ್ನ ಕೈ ಹಿಡಿದಳು. "ಹೆಣ್ಣಮಗಳ ಮೈಯಾಗಿಂದು ಅದು. ಡಬ್ಬ್ಯಾಗ ಹಾಕ್ಕೊಂಡು ಮಂದಿ ನಡಬರಕ ಬಸ್ಸಿನ್ಯಾಗ ಒಯ್ತೀಯಾ? ಯಾರೋ ಕೊಯ್ತಾರಂತ, ಆಮ್ಯಾಲ ಯಾವ ಗಟಾರಕ್ಕ ಒಗೀತಾರೋ." ನಾನು ಲ್ಯಾಬು, ಪರೀಕ್ಷೆ ಎಂದೆ. "ಸಾಕ್ಷಿ ಮಾಸ ಎಲ್ಲಿ ಇಟ್ಟೇವಿ?" ಎಂದು ಕೇಳಿದಳು. "ಮಾಸ ಇದ್ದ ಮನಿ ಅದು, ಮಾಸದ ಕೂಡೇ ಇರ್ಲಿ."

ನಾನು ಆಶಾ ಆಗಿ ಒಂದು ವರ್ಷ ಆಗಿತ್ತು. ಅವ್ವನ ಮಗಳಾಗಿ ಮೂವತ್ತೈದು ವರ್ಷ. ಇಬ್ಬರೂ ಮನೆಗೆ ಬಂದೆವು. ಹಿತ್ತಲಿನ ಕುರಿದೊಡ್ಡಿಯ ಮೂಲೆಯಲ್ಲಿ, ಸಾಕ್ಷಿ ಹುಟ್ಟಿದಾಗ ಅವಳ ಹಿಂದೆ ಬಂದ ಮಾಸ ಹೂತಿದ್ದ ಜಾಗದ ಪಕ್ಕದಲ್ಲಿ ಅವ್ವ ತಾನೇ ಅಗೆದಳು. ಅರಿಶಿಣ, ಕುಂಕುಮ, ಒಂದು ಹಿಡಿ ಉಪ್ಪು. ಮೇಲೆ ಕಲ್ಲು. ಕುರಿಗಳು ನಮ್ಮನ್ನು ನೋಡುತ್ತಿದ್ದವು. ಡಬ್ಬಿಯನ್ನು ತೊಳೆದು ನಾನು ಎಸೆದೆ.

ಎಂಟನೇ ದಿನ ನೀನು, "ಏನ್ ಬಂತ್ರಿ ಅಕ್ಕಾರೆ, ರಿಪೋರ್ಟಿನ್ಯಾಗ?" ಎಂದು ಕೇಳಿದೆ. ನಿನ್ನ ಮುಖ ಊದಿತ್ತು. ಏನೂ ಇರಲಿಲ್ಲವೆಂದರೆ ನೀನು ಸಾಯುವವರೆಗೆ ಅಳುತ್ತೀ ಎನ್ನಿಸಿತು. ಕೆಟ್ಟಿತ್ತು ಎಂದರೆ ನಿಲ್ಲಿಸುತ್ತೀ. ನನ್ನ ಚೀಲದಲ್ಲಿ ಕೈಗೆ ಸಿಕ್ಕಿದ್ದು ಆ ತಿಂಗಳ ಪೋಲಿಯೋ ಲಸಿಕೆಯ ವೇಳಾಪಟ್ಟಿ. ಅದನ್ನು ಬಿಡಿಸಿ ಹಿಡಿದು ಓದಿದೆ. ನೀನು ಅಳುವುದು ನಿಲ್ಲಿಸಿದೆ. ಆ ಕ್ಷಣದಲ್ಲಿ ನನಗಾದ ಸಮಾಧಾನ ನನಗೆ ಇನ್ನೂ ನೆನಪಿದೆ. ನಾನು ಮರೆಯಬೇಕೆಂದು ಪ್ರಯತ್ನಿಸಿದ್ದು ಸುಳ್ಳನ್ನಲ್ಲ, ಆ ಸಮಾಧಾನವನ್ನು.

ಆಮೇಲೆ ಬೇರೆ ಹೆಂಗಸರನ್ನೂ ಕರೆದುಕೊಂಡು ಹೋದೆ. ನಿನ್ನ ಉದಾಹರಣೆ ಹೇಳುತ್ತಿದ್ದೆ. ಹೇಳಿ ಹೇಳಿ ನನಗೂ ಅದು ನಿಜವಾಗಿತ್ತು. ಈಗಲೂ ಓಣಿಯಲ್ಲಿ ಸಿಕ್ಕರೆ ಅವರು ಚಹಾ ಕುಡಿದು ಹೋಗ್ರಿ ಎನ್ನುತ್ತಾರೆ. ಒಬ್ಬರಾದರೂ ಬೈದಿದ್ದರೆ ಚೆನ್ನಾಗಿತ್ತು.

ನಿನ್ನದು ಕೆಟ್ಟಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಸಾಕ್ಷಿಗೆ ನಿನ್ನಿಂದ ಬರುವ ರೋಗವೆಂದು ಯಾವುದನ್ನೂ ಹೇಳಲು ಆಧಾರವಿಲ್ಲ. ಅವಳನ್ನು ಆರನೇ ತಾರೀಖು ಒಯ್ಯಬೇಡ. ನನ್ನನ್ನು ಏನು ಬೇಕಾದರೂ ಮಾಡು, ಅವಳನ್ನು ಒಯ್ಯಬೇಡ.

ನನ್ನ ರಿಪೋರ್ಟು ಸೋಮವಾರ ಬಂತು. ರಿಪೋರ್ಟು ಎಂದರೆ ಹೇಗಿರುತ್ತದೆ ಎಂದು ನೋಡಿದೆ. ಇಂಗ್ಲಿಷಿನಲ್ಲಿ ಎಂಟು ಸಾಲು, ಕೆಳಗೆ ಒಂದು ಸಹಿ. ಪದರದ ಕೋಶಗಳು ಬದಲಾಗಿವೆ, ಇನ್ನೂ ಕ್ಯಾನ್ಸರ್ ಅಲ್ಲ, ಬಿಟ್ಟರೆ ಆಗಬಹುದು, ಗರ್ಭಚೀಲ ತೆಗೆಸುವುದೇ ಸರಿ ಎಂದು ಡಾಕ್ಟರು ಬಿಡಿಸಿ ಹೇಳಿದರು.

ಉಮಾದೇವಿ


ಬಸವಕಲ್ಯಾಣ
6 ಅಕ್ಟೋಬರ್ 2025

ಧೂಳಮ್ಮ,

ಇದನ್ನು ನಿಮ್ಮ ಊರಿನಿಂದಲೇ ಬರೆಯುತ್ತಿದ್ದೇನೆ. ನಿನ್ನಿಂದ ಉತ್ತರ ಬರಲಿಲ್ಲ. ಫೋನು ಮಾಡಲು ನಂಬರು ಒತ್ತಿ, ಒತ್ತಿ, ಬಿಟ್ಟೆ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ನರ್ಸಿಂಗ್ ಹೋಮಿನ ಎದುರಿನ ಚಹಾದ ಅಂಗಡಿಯಲ್ಲಿ ಕುಳಿತೆ. ನೀವು ಬಂದರೆ ಏನು ಮಾಡಬೇಕೆಂದು ಯೋಚಿಸಿರಲಿಲ್ಲ. ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆನೋ ಏನೋ.

ಎಂಟು ಗಂಟೆಗೆ ಒಬ್ಬ ಹೆಂಗಸು ಹುಡುಗಿಯ ಕೈ ಹಿಡಿದು ಒಳಗೆ ಹೋದಳು. ನೀನೆಂದು ಎದ್ದೆ. ನೀನಲ್ಲ. ಹತ್ತಕ್ಕೆ ಇನ್ನೊಬ್ಬರು. ಹನ್ನೊಂದೂವರೆಗೆ ಮತ್ತೊಬ್ಬರು. ಅವರ ಜೊತೆ ಗುಲಾಬಿ ಸೀರೆಯ ಆಶಾ ಇದ್ದಳು, ಚಿಕ್ಕ ವಯಸ್ಸು. ಹುಡುಗಿಯ ಬೆನ್ನ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದಳು. ದೂರದಿಂದ ಮಾತು ಕೇಳಿಸಲಿಲ್ಲ. ಕೇಳಿಸುವ ಅಗತ್ಯವಿರಲಿಲ್ಲ. ನಾನು ರಸ್ತೆ ದಾಟಲಿಲ್ಲ.

ಎರಡು ಗಂಟೆಯವರೆಗೆ ಕುಳಿತೆ. ನೀವು ಬರಲಿಲ್ಲ. ಅಂಗಡಿಯ ಲಾಲಪ್ಪ, "ಯಾರ ದಾರಿ ನೋಡಾಕತ್ತೀರಿ ಬಾಯಿ?" ಎಂದ. ಯಾರೂ ಬರಬಾರದೆಂದು ನೋಡುತ್ತಿದ್ದೇನೆ ಎಂದೆ. ಅವನು ಇನ್ನೊಂದು ಚಹಾ ಇಟ್ಟು ಹೋದ.

ನಿಮ್ಮ ಮನೆಯ ಕಡೆ ಬರುವುದಿಲ್ಲ. ಮೂರರ ಬಸ್ಸಿಗೆ ಹೋಗುತ್ತೇನೆ.

ಉಮಾದೇವಿ


ಬಸವಕಲ್ಯಾಣ
27 ಅಕ್ಟೋಬರ್ 2025

ಅಕ್ಕಾರಿಗೆ,

ನಿಮ್ಮ ಎರಡೂ ಪತ್ರ ಮುಟ್ಟಿದವು. ಜೈನಬಿಗೆ ಚಹಾ ಕೊಟ್ಟೆ. ಅವಳು ಹೋದ ಮೇಲೆ ಓದಿದೆ. ಆ ದಿನ ಅಂಗನವಾಡಿಗೆ ಹೋಗಲಿಲ್ಲ.

ಸಾಕ್ಷಿಗೆ ಎಲ್ಲ ಹೇಳಿಲ್ಲ. ನನ್ನ ರಿಪೋರ್ಟು ಇಲ್ಲ ಎಂದೆ.

"ಕಳೀತೇನು?"

"ಇರ್ಲೇ ಇಲ್ಲ."

"ಮತ್ತ ಯಾಕ ತೆಗದ್ರವ್ವಾ?"

ಕೂಸು ಎದ್ದು ಅಳತೊಡಗಿತು. ಅವಳು ಅದನ್ನು ಎತ್ತಿಕೊಂಡಳು. ನಾನು ಉತ್ತರ ಕೊಡುವುದು ತಪ್ಪಿತು. ಇನ್ನೊಮ್ಮೆ ಅವಳು ಕೇಳಿಲ್ಲ. ಕೇಳುತ್ತಾಳೆ.

ಹದಿಮೂರನೇ ತಾರೀಖು ಅವಳನ್ನು ನಿಮ್ಮ ಬೀದರದ ಡಾಕ್ಟರರಿಗೆ ತೋರಿಸಿದೆ. ನಿಮ್ಮ ಮಾತು ಕೇಳಿ ಹೋದೆ ಎಂದು ತಿಳಿಯಬೇಡಿ. ನಿಮ್ಮ ಮಾತು ಇನ್ನು ಕೇಳಬಾರದೆಂದು ನಾನೇ ಕೇಳಿಕೊಳ್ಳಲು ಹೋದೆ. ಸ್ಕ್ಯಾನ್ ಮಾಡಿದರು, ರಕ್ತ ತೆಗೆದರು. ಥೈರಾಯ್ಡ್ ಕಡಿಮೆಯಾಗಿದೆ, ಅದಕ್ಕೇ ಹೆಚ್ಚು ಹೋಗುತ್ತದೆ. ರಕ್ತ ಏಳಕ್ಕೆ ಇಳಿದಿದೆ. ಗುಳಿಗೆ ಬರೆದುಕೊಟ್ಟರು. ಚೂರು ತೆಗೆದು ನೋಡಬೇಕೇನ್ರಿ ಎಂದು ಕೇಳಿದೆ. ಈ ವಯಸ್ಸಿಗೆ, ಈ ಸ್ಕ್ಯಾನಿಗೆ ಅದರ ಅಗತ್ಯವೂ ಇಲ್ಲ, ಮೂರು ತಿಂಗಳು ಗುಳಿಗೆ ನುಂಗಲಿ ಎಂದರು. ತೆಗೆಸುವ ಮಾತು ಎತ್ತಿದ್ದಕ್ಕೆ ನನ್ನನ್ನು ಒಂದು ಸಲ ನೋಡಿದರು.

"ನಿಮಗ ಯಾಕ ತೆಗದಿದ್ರು? ಕ್ಯಾನ್ಸರ್ ಇತ್ತೇನ್ರಿ?" ಎಂದು ಕೇಳಿದರು.

"ಗೊತ್ತಿಲ್ರಿ" ಎಂದೆ. ಹದಿನಾರು ವರ್ಷದಲ್ಲಿ ಮೊದಲ ಸಲ.

ಈಗ ನಿಮಗೆ ಗೊತ್ತಿಲ್ಲದ ಒಂದು ಮಾತು. ಅತ್ತೆ ಇರುವವರೆಗೆ ಪ್ರತಿ ಅಮಾವಾಸ್ಯೆಗೆ ಕುರಿದೊಡ್ಡಿಯ ಮೂಲೆಯ ಕಲ್ಲಿಗೆ ನೀರು ಹಾಕಿ, ಒಂದು ಹಿಡಿ ಅನ್ನ ಇಡುತ್ತಿದ್ದರು. ಯಾರಿಗ್ರಿ ಎಂದರೆ, "ಮನೀದ ಅದ, ಇಡಬೇಕು" ಎನ್ನುತ್ತಿದ್ದರು. ಕುರಿಗಳನ್ನು ಕಾಯುವ ದೇವರೆಂದು ತಿಳಿದಿದ್ದೆ. ಅವರು ತೀರಿಕೊಂಡ ಮೇಲೆ ಬಿಡಬಾರದೆಂದು ನಾನೇ ಇಡುತ್ತಿದ್ದೇನೆ. ಎರಡು ವರ್ಷ. ಸಾಕ್ಷಿಯ ಹೆರಿಗೆ ಹಗುರಾಗಲಿ ಎಂದು ಅಲ್ಲಿಯೇ ಕೈಮುಗಿದಿದ್ದೆ.

ದೀಪಾವಳಿಯ ಅಮಾವಾಸ್ಯೆಗೆ ಇಡಬಾರದೆಂದುಕೊಂಡೆ. ನಡುಮಧ್ಯಾಹ್ನ ನೋಡಿದರೆ ತಟ್ಟೆ ಹಿಡಿದು ಅಲ್ಲಿ ನಿಂತಿದ್ದೆ. ಇಟ್ಟೆ. ಕಾಗೆ ಬಂತು, ನಾನು ನೋಡಲಿಲ್ಲ.

ನಿಮಗೆ ಆಪರೇಷನ್ ಎಂದು ಬರೆದಿದ್ದೀರಿ. ಆ ದಿನ ಬರಬೇಕೋ ಬೇಡವೋ ನನಗಿನ್ನೂ ತಿಳಿದಿಲ್ಲ. ಬೈಯಬೇಕೆಂದು ಕುಳಿತರೆ, ಎಂಟನೇ ದಿನ ನನ್ನ ಕಾಲು ಒತ್ತುತ್ತ ಕುಳಿತ ನಿಮ್ಮ ಮುಖ ಬರುತ್ತದೆ. ಬೈಯಬಾರದೆಂದು ಕುಳಿತರೂ ಅದೇ ಮುಖ ಬರುತ್ತದೆ. ಒಂದು ಕೇಳುತ್ತೇನೆ, ಅದಕ್ಕೆ ಉತ್ತರ ಬಂದ ಮೇಲೆ ನೋಡುತ್ತೇನೆ.

ಕೆಟ್ಟಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ ಎಂದು ಬರೆದಿದ್ದೀರಿ. ಗೊತ್ತಿಲ್ಲದ್ದನ್ನು ನಾನು ಕೇಳುತ್ತಿಲ್ಲ. ಅತ್ತೆ ಹೂತರು, ನೀವು ಹಿಡಿದು ನಿಂತಿರಿ, ಡಾಕ್ಟರು ಕೊಯ್ದರು. ಎಲ್ಲರೂ ನೋಡಿದ್ದೀರಿ. ನನ್ನದು, ನಾನೊಬ್ಬಳೇ ನೋಡಿಲ್ಲ. ಅದು ಹೇಗಿತ್ತು?

ಧೂಳಮ್ಮ


ಹುಮನಾಬಾದ
4 ನವೆಂಬರ್ 2025

ಧೂಳಮ್ಮ,

ನನ್ನ ಆಪರೇಷನ್ ಹದಿನೇಳಕ್ಕೆ, ಸೋಮವಾರ. ಮನೆಯವರಿಗೆ ಹೇಳಿದ್ದೇನೆ. ಟಿವಿ ಆರಿಸಿ ಕುಳಿತರು, ಮತ್ತೆ ಹಚ್ಚಲಿಲ್ಲ. ಅವರೂ ಜೈನಬಿಯೂ ಬರುತ್ತಾರೆ. ನೀನು ಬರದಿದ್ದರೆ ನಾನು ಕಾರಣ ಕೇಳುವುದಿಲ್ಲ. ಇದನ್ನು ಮೊದಲೇ ಬರೆದಿದ್ದೇನೆ, ಕೆಳಗಿನದು ಅದಕ್ಕಾಗಿ ಬರೆದದ್ದೆಂದು ನಿನಗೆ ಅನ್ನಿಸಬಾರದು.

ನೀನು ಕೇಳಿದ್ದು.

ಆಪರೇಷನ್ ಮುಗಿದ ಮೇಲೆ ಡಾಕ್ಟರು ಬಾಗಿಲು ತೆರೆದು ಮನೆಯವರು ಯಾರಿದ್ದೀರಿ ಬನ್ನಿ ಎಂದರು. ಅವ್ವ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ನಾನು ಆಶಾ, ನೋಡಲೇಬೇಕಿತ್ತು. ಸ್ಟೀಲಿನ ತಟ್ಟೆಯಲ್ಲಿ ಇತ್ತು. ನನ್ನ ಮುಷ್ಟಿಗಿಂತ ಚಿಕ್ಕದು. ನಸುಗೆಂಪು, ಒದ್ದೆ, ನುಣುಪು. ಇನ್ನೂ ಬಿಸಿ ಇರಬೇಕು ಎನ್ನಿಸುವ ಹಾಗಿತ್ತು. ಡಾಕ್ಟರು ಕತ್ತರಿಯಿಂದ ನಡುವೆ ಸೀಳಿ ಎರಡು ಕಡೆ ಬಿಡಿಸಿ ಹಿಡಿದರು. ಒಳಗೆ ಕೆಂಪು ಪದರ, ತೆಳ್ಳಗೆ, ಎಲ್ಲ ಕಡೆ ಒಂದೇ ಸಮ. ಗಂಟಿರಲಿಲ್ಲ, ಹುಣ್ಣಿರಲಿಲ್ಲ.

ನಮಗೆ ತರಬೇತಿಯಲ್ಲಿ ಕೊಟ್ಟ ಚಿತ್ರಗಳಿದ್ದವು. ಒಳ್ಳೆಯ ಗರ್ಭಚೀಲ ಹೇಗಿರುತ್ತದೆ, ಕೆಟ್ಟದ್ದು ಹೇಗಿರುತ್ತದೆ, ಅಕ್ಕಪಕ್ಕದಲ್ಲಿ. ಹೆಂಗಸರಿಗೆ ತೋರಿಸಿ ತೋರಿಸಿ ನನಗೆ ಎರಡೂ ಬಾಯಿಪಾಠವಾಗಿದ್ದವು. ಕಣ್ಣಿನಿಂದ ನೋಡಿ ರೋಗ ಇಲ್ಲವೆಂದು ಹೇಳಲಾಗುವುದಿಲ್ಲ, ಅದಕ್ಕೇ ಲ್ಯಾಬು ಇರುವುದು. ಆದರೆ ನೀನು ಕೇಳಿದ್ದು ನೋಡಿದ್ದನ್ನು. ನಾನು ನೋಡಿದ್ದು ಮೊದಲನೆಯ ಚಿತ್ರವನ್ನು.

"ನೋಡಮ್ಮ, ಹ್ಯಾಂಗ ಕೆಟ್ಟಾದ. ಕಾಣ್ತದಲ್ಲ?" ಎಂದರು ಡಾಕ್ಟರು.

ನಾನು ಬಗ್ಗಿ ಇನ್ನೊಮ್ಮೆ ನೋಡಿದೆ. "ಹೌದ್ರಿ, ಕಾಣ್ತದ" ಎಂದೆ.

ಉಮಾದೇವಿ